ವಿಶ್ವಾಸಿ ಪಾಪ ಮಾಡದೆ ಬದುಕಬಹುದೇ? ಒಂದೇ ಪತ್ರಿಕೆಯಲ್ಲಿ 1 ಯೋಹಾನ 1:8 ಒಂದು ಕಡೆ, 3:9 ಇನ್ನೊಂದು ಕಡೆ

ಸರಸ್ವತಿಪುರಂ ಓದುಗ
ನಮ್ಮ ಮೈಸೂರು-ಮಂಡ್ಯ ಕಡೆ ಸಭೆಗಳಲ್ಲಿ ಎರಡು ಬೋಧನೆ ಅಕ್ಕಪಕ್ಕದಲ್ಲೇ ನಡೀತಿವೆ. ಒಂದು, "ಹೊಸದಾಗಿ ಹುಟ್ಟಿದವನು ಪಾಪ ಮಾಡಲ್ಲ, ಮಾಡಿದರೆ ಅವನಿಗೆ ರಕ್ಷಣೆಯೇ ಆಗಿಲ್ಲ." ಇನ್ನೊಂದು, "ನಾವೆಲ್ಲ ಪಾಪಿಗಳೇ, ಸಾಯೋವರೆಗೂ ಹೀಗೇ." ಮೊದಲನೆಯದನ್ನು ಕೇಳಿದವರು ಹೆದರಿ ಕೂರ್ತಾರೆ, ಇಲ್ಲಾ ತಪ್ಪು ಮುಚ್ಚಿಡೋದನ್ನ ಕಲೀತಾರೆ. ಎರಡನೆಯದನ್ನು ಕೇಳಿದವರು ಪ್ರಯತ್ನವನ್ನೇ ಬಿಟ್ಟುಬಿಡ್ತಾರೆ.

ಎರಡಕ್ಕೂ ವಚನ ಇದೆ, ಅದೂ ಬೈಬಲಿನ ಒಂದೇ ಪತ್ರಿಕೆಯಲ್ಲಿ, ಅಂದ್ರೆ ಯೋಹಾನನ ಮೊದಲ ಪತ್ರದಲ್ಲಿ. 1 ಯೋಹಾನ 1:8 ಪಾಪವಿಲ್ಲ ಎನ್ನುವವನು ತನ್ನನ್ನೇ ಮೋಸಪಡಿಸಿಕೊಳ್ಳುತ್ತಾನೆ ಅನ್ನುತ್ತೆ. 3:9 ದೇವರಿಂದ ಹುಟ್ಟಿದವನು ಪಾಪ ಮಾಡಲಾರ ಅನ್ನುತ್ತೆ. ಆಗುತ್ತಾ, ಆಗಲ್ವಾ? ಯಾವ ಸಭೆ ಏನು ಹೇಳುತ್ತೆ, ಯಾಕೆ ಹೇಳುತ್ತೆ? ಜೊತೆಗೆ, ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲೋ ಕಚೇರಿಯಲ್ಲೋ ಕೂತ ವಿಶ್ವಾಸಿ ಏನು ಮಾಡಬೇಕು ಅನ್ನೋದನ್ನೂ ಬರೆಯಿರಿ. ಬರೀ ವಚನ ಎಸೆದು ಹೋಗಬೇಡಿ.

ಎನ್.ಆರ್. ಮೊಹಲ್ಲಾ
ಆಗಲ್ಲ. ಪ್ರಸಂಗಿ 7:20 ಓದಿ. ಒಳ್ಳೇದನ್ನೇ ಮಾಡ್ತಾ ಪಾಪ ಮಾಡದೇ ಇರೋ ನೀತಿವಂತ ಭೂಮಿ ಮೇಲೆ ಇಲ್ಲ.

ಹೆಬ್ಬಾಳ ಬ್ರದರ್
ಬ್ರದರ್, ಅದು ಶಿಲುಬೆಗೆ ಮುಂಚೆ ಬರೆದ ಮಾತು. ಶಿಲುಬೆಯ ನಂತರದ್ದು ರೋಮಾ 6:14, ಪಾಪಕ್ಕೆ ನಿಮ್ಮ ಮೇಲೆ ಅಧಿಕಾರ ಇರಲ್ಲ. 1 ಕೊರಿಂಥ 10:13 ಇನ್ನೂ ಸ್ಪಷ್ಟ. ಸಹಿಸಲು ಆಗದಷ್ಟು ಶೋಧನೆಯನ್ನು (ಪಾಪದ ಕಡೆ ಎಳೆಯೋ ಪರೀಕ್ಷೆ) ದೇವರು ಬರಗೊಡಿಸಲ್ಲ, ಪ್ರತಿ ಶೋಧನೆಯ ಜೊತೆಗೂ ತಪ್ಪಿಸಿಕೊಳ್ಳೋ ದಾರಿ ಇಟ್ಟಿರ್ತಾನೆ. ಪ್ರತಿಯೊಂದಕ್ಕೂ ದಾರಿ ಇದ್ದ ಮೇಲೆ ಬಿದ್ದದ್ದಕ್ಕೆ ಸ್ವಭಾವವನ್ನು ಯಾಕೆ ದೂರಬೇಕು? "ಎಲ್ಲರೂ ಪಾಪಿಗಳೇ" ಅನ್ನೋ ಮಾತಿನ ಹಿಂದೆ ಎಷ್ಟು ಕುಡಿತ, ಎಷ್ಟು ಲಂಚ ಅಡಗಿ ಕೂತಿದೆ ಅಂತ ಎಲ್ಲರಿಗೂ ಗೊತ್ತು.

ಪಾಲಹಳ್ಳಿ ಪೇಟೆ
ಕಥೋಲಿಕ ಸಭೆಯ ಉತ್ತರ ಬಹಳ ಜನರಿಗೆ ಅರ್ಧ ಮಾತ್ರ ಗೊತ್ತು, ಪೂರ್ತಿ ಬರೀತೀನಿ. 1547ರ ಜನವರಿಯಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ತನ್ನ 6ನೇ ಅಧಿವೇಶನದಲ್ಲಿ ಎರಡೂ ಕಡೆಗೆ ಬೇಲಿ ಹಾಕಿತು. 18ನೇ ನಿಯಮದ ಪ್ರಕಾರ, ವರಪ್ರಸಾದದಲ್ಲಿ (ದೇವರ ಕೃಪೆಯಲ್ಲಿ) ಇರುವವನಿಗೂ ದೇವರ ಆಜ್ಞೆ ಪಾಲಿಸಲು ಅಸಾಧ್ಯ ಅಂತ ಬೋಧಿಸುವುದು ತಪ್ಪು. 23ನೇ ನಿಯಮದ ಪ್ರಕಾರ, ದೇವರ ವಿಶೇಷ ಅನುಗ್ರಹ ಇಲ್ಲದೆ ಒಬ್ಬ ತನ್ನ ಜೀವನ ಪೂರ್ತಿ ಎಲ್ಲಾ ಪಾಪಗಳನ್ನೂ, ಲಘು ಪಾಪಗಳನ್ನು (ಸಣ್ಣ ಪಾಪಗಳನ್ನು) ಕೂಡ, ತಪ್ಪಿಸಬಲ್ಲ ಅಂತ ಬೋಧಿಸುವುದೂ ತಪ್ಪು. ಆ ವಿಶೇಷ ಅನುಗ್ರಹ ಮರಿಯಮ್ಮನವರಿಗೆ ಇತ್ತು ಅಂತ ಅಲ್ಲೇ ಸೇರಿಸಿದ್ದಾರೆ.

ಮಾರಕ ಪಾಪ ಅನ್ನಿಸಿಕೊಳ್ಳಲು ಮೂರೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಅಂತ ಪೂರ್ತಿ ತಿಳಿದಿರಬೇಕು, ಬೇಕು ಅಂತಲೇ ಒಪ್ಪಿ ಮಾಡಿರಬೇಕು. ಇದು ಕಥೋಲಿಕ ಧರ್ಮೋಪದೇಶ ಗ್ರಂಥದ 1857ನೇ ಅಂಕಣ. ಒಂದು ತಪ್ಪಿದರೂ ಅದು ಲಘು ಪಾಪ, ಇಲ್ಲಾ ಪಾಪವೇ ಅಲ್ಲ. ಮಾರಕ ಪಾಪ ಇಲ್ಲದೆ ವರ್ಷಗಟ್ಟಲೆ ಬದುಕುವುದು ಸಾಮಾನ್ಯ ಕ್ರೈಸ್ತನಿಗೆ ಸಾಧ್ಯ, ಸಭೆ ಅದನ್ನೇ ನಿರೀಕ್ಷಿಸುತ್ತೆ. ಲಘು ಪಾಪ ಒಂದೂ ಇಲ್ಲದೆ ಸಾಯೋವರೆಗೆ ಬದುಕುವುದು ಸಾಧ್ಯವಿಲ್ಲ.

ಹೆಬ್ಬಾಳ ಬ್ರದರ್
ಒಂದೊಂದನ್ನೂ ತಪ್ಪಿಸಬಹುದು, ಎಲ್ಲವನ್ನೂ ತಪ್ಪಿಸಕ್ಕೆ ಆಗಲ್ಲ. ಇದು ಲೆಕ್ಕಕ್ಕೆ ಕೂರಲ್ಲವಲ್ಲ ಅಣ್ಣ?

ಪಾಲಹಳ್ಳಿ ಪೇಟೆ
ಕೂರುತ್ತೆ. ಇದಕ್ಕೆ 13ನೇ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ಉತ್ತರ ಕೊಟ್ಟಿದ್ದಾರೆ. ಮನಸ್ಸು ಒಂದು ಆಸೆಯನ್ನು ತಡೆಯೋದರಲ್ಲಿ ತೊಡಗಿರುವಾಗ ಇನ್ನೊಂದು ಬೇರೆ ಕಡೆಯಿಂದ ಏಳುತ್ತೆ, ಎಲ್ಲದರ ಮೇಲೂ ಒಂದೇ ಸಮ ಎಚ್ಚರ ಇಡೋ ಶಕ್ತಿ ಮನುಷ್ಯನಿಗಿಲ್ಲ. ಮಾತನ್ನೇ ತಗೊಳ್ಳಿ. ಇವತ್ತು ಆಡೋ ಯಾವ ಒಂದು ವಾಕ್ಯವನ್ನಾದರೂ ನುಂಗಿಕೊಳ್ಳಬಹುದು. ಆದರೆ ಒಂದು ವರ್ಷ ಆಡೋ ಮಾತಲ್ಲಿ ಒಂದರಲ್ಲೂ ಚುಚ್ಚು, ಉತ್ಪ್ರೇಕ್ಷೆ, ಚಾಡಿ ಇರಬಾರದು ಅಂದ್ರೆ? ಯಾಕೋಬ 3:2 ಇದನ್ನೇ ಹೇಳೋದು. "ನಾವೆಲ್ಲರೂ" ತಪ್ಪುತ್ತೇವೆ ಅಂತ ಬರೆದವನು ಅಪೊಸ್ತಲರ ಕಾಲದ ಸಭೆಯ ಹಿರಿಯ.

ಮಂಡ್ಯ ಸಿಎಸ್‌ಐ
ಹಳೇ ಮೈಸೂರಿನ ಬಹಳಷ್ಟು ಪ್ರೊಟೆಸ್ಟೆಂಟ್ ಸಭೆಗಳ ಬೇರು ವೆಸ್ಲಿಯನ್ ಮಿಷನ್‌ನಲ್ಲಿದೆ. 1947ರ ಸೆಪ್ಟೆಂಬರ್ 27ಕ್ಕೆ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದಾಗ ಅವು ಅದರೊಳಗೆ ಬಂದವು. ಹಾಗಾಗಿ ಮೆಥಡಿಸ್ಟ್ ಪಂಗಡ ಶುರು ಮಾಡಿದ ವೆಸ್ಲಿ ಹೇಳಿದ್ದನ್ನು ಸರಿಯಾಗಿ ಹೇಳಲೇಬೇಕು, ಯಾಕಂದ್ರೆ "ಪಾಪರಹಿತ ಜೀವನ" ಬೋಧಿಸುವವರು ಕೊನೆಗೆ ಜಾನ್ ವೆಸ್ಲಿಯ ಹೆಸರನ್ನೇ ಎಳೀತಾರೆ.

ವೆಸ್ಲಿ (1703–1791) ಪರಿಪೂರ್ಣತೆಯನ್ನು ಬೋಧಿಸಿದ್ದು ನಿಜ. 1766ರಲ್ಲಿ ಅದರ ಮೇಲೇ ಪುಸ್ತಕ ಬರೆದ. ಆದರೆ ಅವನ ಲೆಕ್ಕದಲ್ಲಿ ಪರಿಪೂರ್ಣತೆ ಅಂದ್ರೆ ದೇವರನ್ನು ಪೂರ್ಣ ಹೃದಯದಿಂದ, ನೆರೆಯವನನ್ನು ತನ್ನಂತೆ ಪ್ರೀತಿಸುವುದು. ಪಾಪ ಅಂದ್ರೆ, ಗೊತ್ತಿರುವ ದೇವರ ಆಜ್ಞೆಯನ್ನು ಬೇಕಂತಲೇ ಮೀರುವುದು. ಪ್ರೀತಿಯಿಂದ ತುಂಬಿದ ಹೃದಯ ಆ ಅರ್ಥದ ಪಾಪವನ್ನು ಮಾಡದೆ ಬದುಕಬಹುದು ಅಂದ. ಅಜ್ಞಾನ, ತಪ್ಪು ತಿಳುವಳಿಕೆ, ದೇಹದ ಬಲಹೀನತೆ, ಶೋಧನೆ ಇವು ಕೊನೆಯವರೆಗೂ ಇರ್ತವೆ, ಅವುಗಳಿಂದ ಆಗುವ ಮೀರುವಿಕೆಗೂ ಕ್ರಿಸ್ತನ ರಕ್ತ ಬೇಕೇ ಬೇಕು ಅಂತಲೂ ಬರೆದ. ಹಾಗಾಗಿ "ಪಾಪರಹಿತ ಪರಿಪೂರ್ಣತೆ" ಅನ್ನೋ ಮಾತನ್ನು ತಾನು ಬಳಸಲ್ಲ ಅಂದ. ಪಡೆದದ್ದನ್ನು ಕಳಕೊಳ್ಳಲೂಬಹುದು ಅಂದ. ತನಗೆ ಅದು ಸಿಕ್ಕಿದೆ ಅಂತ ಎಂದೂ ಹೇಳಿಕೊಳ್ಳಲಿಲ್ಲ.

ಈ ಬೋಧನೆ ಎಲ್ಲಿ ಕೆಡುತ್ತೆ ಅನ್ನೋದೂ ಅವನ ಕಾಲದಲ್ಲೇ ಕಂಡಿತು. ಲಂಡನ್ನಿನ ಸಂಘದಲ್ಲಿ ಜಾರ್ಜ್ ಬೆಲ್ ಅನ್ನುವವನು, ಅವನ ಜೊತೆಯ ಕೆಲವರು ತಮಗೆ ಪರಿಪೂರ್ಣತೆ ಬಂದಿದೆ ಅಂದರು. ಮೊದಲು ಸಾಕ್ಷಿ, ಆಮೇಲೆ ನಮಗೆ ಯಾರೂ ಕಲಿಸಬೇಕಾಗಿಲ್ಲ ಅನ್ನೋ ಗರ್ವ, ಕೊನೆಗೆ 1763ರ ಫೆಬ್ರವರಿ 28ಕ್ಕೆ ಲೋಕಾಂತ್ಯ ಅಂತ ಪ್ರವಾದನೆ. ವೆಸ್ಲಿ ಅದನ್ನು ಬಹಿರಂಗವಾಗಿ ಅಲ್ಲಗಳೆದ. ವೆಸ್ಲಿಯ ಮೊದಲ ಸಹಬೋಧಕರಲ್ಲಿ ಒಬ್ಬನಾದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಅದೇ ಗದ್ದಲದಲ್ಲಿ ಬಿಟ್ಟುಹೋದ. ನನಗಿನ್ನು ತಿದ್ದುವಿಕೆ ಬೇಡ ಅಂತ ಒಬ್ಬ ಅಂದ ಕ್ಷಣದಿಂದಲೇ ಅಪಾಯ ಶುರು.

ಬನ್ನಿಮಂಟಪ
ವೆಸ್ಲಿಯ ಮೇಲೆ ಗೌರವ ಇದೆ, ಆದರೆ ಅಳತೆಗೋಲನ್ನೇ ಮೊಟಕು ಮಾಡಿದರೆ ಯಾರು ಬೇಕಾದ್ರೂ ಗೆಲ್ಲಬಹುದು. ಕೀರ್ತನೆ 19:12–13ರಲ್ಲಿ ದಾವೀದ ಎರಡು ಬಗೆ ಹೇಳ್ತಾನೆ, ತನಗೇ ಕಾಣದ ಮರೆಯ ದೋಷ, ಬೇಕಂತ ಮಾಡುವ ಪಾಪ. ಎರಡಕ್ಕೂ ದೇವರ ಹತ್ತಿರವೇ ಬೇಡ್ತಾನೆ. ಯಾಜಕಕಾಂಡ 4ನೇ ಅಧ್ಯಾಯ ಪೂರ್ತಿ ತಿಳಿಯದೆ ಮಾಡಿದ ಪಾಪಕ್ಕೆ ಬಲಿಯ ವಿಧಿ. ಅಭಿಷಿಕ್ತ ಯಾಜಕನಿಗೆ ಹೋರಿ, ಅಧಿಪತಿಗೆ ಗಂಡು ಆಡು, ಸಾಮಾನ್ಯನಿಗೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. ತಿಳಿಯದೆ ಮಾಡಿದ್ದು ಪಾಪ ಅಲ್ಲ ಅಂದಿದ್ದರೆ ಇಷ್ಟು ವಿಧಿ ಯಾಕೆ?

ಮಾಡಿದ್ದು ಮಾತ್ರ ಅಲ್ಲ, ಮಾಡದೆ ಬಿಟ್ಟದ್ದೂ ಲೆಕ್ಕಕ್ಕೆ ಬರುತ್ತೆ, ಯಾಕೋಬ 4:17. ಮತ್ತಾಯ 22:37 ಕೇಳೋದು ಪೂರ್ಣ ಹೃದಯ, ಪೂರ್ಣ ಪ್ರಾಣ, ಪೂರ್ಣ ಬುದ್ಧಿ. ಒಂದು ಗಂಟೆ ಕಾಲ ಅದನ್ನು ಪೂರೈಸಿದವರು ಯಾರು? ಅದಕ್ಕೇ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್, ವಿಶ್ವಾಸಿ ಒಂದೇ ಹೊತ್ತಿಗೆ ನೀತಿವಂತನೂ ಹೌದು ಪಾಪಿಯೂ ಹೌದು ಅಂದದ್ದು. 1517ರ ಅವನ 95 ವಾದಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಜೀವನ ಪಶ್ಚಾತ್ತಾಪವಾಗಿರಬೇಕು ಅನ್ನೋದು.

ಕೆ.ಆರ್. ಪೇಟೆ ಯುವಕ
ಹಂಗಾದ್ರೆ ಪ್ರಯತ್ನ ಯಾಕಣ್ಣ? ಭಾನುವಾರ ಕ್ಷಮೆ ಕೇಳಾದು, ಸೋಮವಾರ ಮತ್ತೆ ಶುರು ಹಚ್ಕಳಾದು?

ಬನ್ನಿಮಂಟಪ
ಈ ಪ್ರಶ್ನೆಯನ್ನು ರೋಮಾ 6:1ರಲ್ಲಿ ಪೌಲನೇ ಎತ್ತಿ, ಎರಡನೇ ವಚನದಲ್ಲೇ ಎಂದಿಗೂ ಇಲ್ಲ ಅಂತಾನೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯಲ್ಲಿ (ಪ್ರೊಟೆಸ್ಟೆಂಟರ ಉಪದೇಶ ಪುಸ್ತಕ) 114 ಮತ್ತು 115ನೇ ಪ್ರಶ್ನೆ ಒಟ್ಟಿಗೆ ಓದಿ ತಮ್ಮ. ಅತಿ ಪವಿತ್ರರಾದವರಿಗೂ ಈ ಬಾಳಿನಲ್ಲಿ ವಿಧೇಯತೆಯ ಸಣ್ಣ ಆರಂಭ ಮಾತ್ರ ಇರುತ್ತೆ ಅಂತ 114. ಆದರೂ ಅವರು ಕೆಲವು ಆಜ್ಞೆಗಳ ಪ್ರಕಾರ ಅಲ್ಲ, ಎಲ್ಲಾ ಆಜ್ಞೆಗಳ ಪ್ರಕಾರ ಬದುಕಲು ದೃಢ ಮನಸ್ಸಿನಿಂದ ತೊಡಗಿರ್ತಾರೆ ಅಂತ ಅದೇ ಉತ್ತರದಲ್ಲಿ ಇದೆ. ಯಾರೂ ಪೂರ್ತಿ ಪಾಲಿಸಲಾಗದ ಆಜ್ಞೆಯನ್ನು ಇಷ್ಟು ಕಟ್ಟುನಿಟ್ಟಾಗಿ ಯಾಕೆ ಸಾರಬೇಕು ಅಂತ ಕೇಳೋದು 115. ನಮ್ಮ ಪಾಪಸ್ವಭಾವವನ್ನು ಇನ್ನಷ್ಟು ಅರಿತು ಕ್ಷಮೆ ಹುಡುಕಲಿ ಅಂತ, ಜೊತೆಗೆ ಪವಿತ್ರಾತ್ಮನಿಗಾಗಿ ಬಿಡದೆ ಬೇಡುತ್ತಾ ದಿನದಿನಕ್ಕೂ ಬದಲಾಗಲಿ ಅಂತ.

ಗಂಜಾಂ ಅಧ್ಯಯನ
ಮೊದಲ ಪ್ರಶ್ನೆಗೆ ಬರೋಣ. 1 ಯೋಹಾನ ಐದೇ ಅಧ್ಯಾಯ, ಒಂದು ಸಲ ಕೂತು ಪೂರ್ತಿ ಓದಿದರೆ ಜಗಳ ಅರ್ಧ ಕಡಿಮೆಯಾಗುತ್ತೆ.

1:8 ಮತ್ತು 1:10ರಲ್ಲಿ ಪಾಪ ಇಲ್ಲ ಅನ್ನುವವರಿಗೆ ಎಚ್ಚರಿಕೆ. ನಡುವೆ 1:9ರಲ್ಲಿ ಅರಿಕೆ ಮಾಡಿದರೆ ಕ್ಷಮೆ. 2:1ರಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರ್ತವೆ. ನೀವು ಪಾಪ ಮಾಡಬಾರದು ಅಂತಲೇ ಬರೀತಿದ್ದೇನೆ, ಯಾರಾದರೂ ಮಾಡಿದರೆ ತಂದೆಯ ಬಳಿ ನಮಗೆ ವಕೀಲ ಇದ್ದಾನೆ. 2:19ರಲ್ಲಿ ಸಭೆ ಬಿಟ್ಟುಹೋದ ಗುಂಪಿನ ಮಾತು ಬರುತ್ತೆ. ಅದಾದ ಮೇಲೆ 3:6 ಮತ್ತು 3:9. ಆಮೇಲೆ 5:16ರಲ್ಲಿ, ಸಹೋದರ ಮರಣಕರವಲ್ಲದ ಪಾಪ ಮಾಡುವುದನ್ನು ಕಂಡರೆ ಅವನಿಗಾಗಿ ಬೇಡಿ ಅಂತಾನೆ. ವಿಶ್ವಾಸಿ ಪಾಪ ಮಾಡೋದೇ ಇಲ್ಲ ಅಂತ 3:9ರ ಅರ್ಥವಾಗಿದ್ದರೆ, 5:16ರಲ್ಲಿ "ಸಹೋದರ" ಅನ್ನೋಕೆ ಜಾಗವೇ ಇರ್ತಿರಲಿಲ್ಲ.

ಹಾಗಾದ್ರೆ 3:9 ಯಾವುದನ್ನು ಗುರಿ ಇಟ್ಟಿದೆ? 3:10ರಿಂದ 3:17ರವರೆಗೆ ಕೆಳಗೆ ಓದಿ. ಸಹೋದರನನ್ನು ಪ್ರೀತಿಸದವನು, ತಮ್ಮನನ್ನು ಕೊಂದ ಕಾಯಿನ, ಕೊರತೆಯಲ್ಲಿರುವ ಸಹೋದರನನ್ನು ಕಂಡೂ ಕರುಳನ್ನು ಮುಚ್ಚಿಕೊಂಡ ಆಸ್ತಿವಂತ. ದೇವರಿಂದ ಹುಟ್ಟಿದವನು ದ್ವೇಷದಲ್ಲಿ, ಅನ್ಯಾಯದಲ್ಲಿ ಮನೆ ಮಾಡಿಕೊಂಡು ಇರಲಾರ ಅನ್ನೋದು ವಾದ. ಆದ್ದರಿಂದ 3:9 ಹಿಡಿದು "ನಾನು ಪಾಪ ಮಾಡಲ್ಲ" ಅನ್ನುವವನನ್ನು 3:17ರ ಪ್ರಶ್ನೆಯನ್ನೂ ಕೇಳಬೇಕು, ಪಕ್ಕದ ಮನೆಯವರ ಆಸ್ಪತ್ರೆ ಬಿಲ್ ಕಂಡಾಗ ಏನು ಮಾಡಿದಿರಿ ಅಂತ.

ಹೆಬ್ಬಾಳ ಬ್ರದರ್
ಈ ಓದು ಒಪ್ಪುತ್ತೇನೆ, ಆದರೆ ರೋಮಾ 7ನ್ನು ಎಳೆದು ತರಬೇಡಿ. "ಮಾಡಬಾರದ್ದನ್ನೇ ಮಾಡ್ತೀನಿ" ಅನ್ನೋದು ಮೋಶೆಯ ಧರ್ಮಶಾಸ್ತ್ರದ ಕೆಳಗಿರುವವನ ಕೂಗು. ರೋಮಾ 8:2ರಲ್ಲಿ ಅವನಿಗೆ ಬಿಡುಗಡೆ ಆಗಿದೆ.

ಗಂಜಾಂ ಅಧ್ಯಯನ
ಇದರಲ್ಲಿ ಆದಿಸಭೆಯ ದೊಡ್ಡ ಬೋಧಕ ಅಗಸ್ಟೀನ್ (ಮರಣ 430) ಕೂಡ ನಿಲುವು ಬದಲಿಸಿದ. ಮೊದಲು ನೀವು ಹೇಳಿದ ಹಾಗೇ ಓದುತ್ತಿದ್ದ. ಮನುಷ್ಯ ಪಾಪ ಮಾಡದೆ ಬದುಕಬಲ್ಲ ಅನ್ನುತ್ತಿದ್ದ ಪೆಲಾಗಿಯಸ್ ಜೊತೆ ವಾದ ಬೆಳೆದ ಮೇಲೆ ಅದು ಅಪೊಸ್ತಲನದೇ, ವಿಶ್ವಾಸಿಯದೇ ಹೋರಾಟ ಅಂದ. ರೋಮಾ 7 ಬಿಟ್ಟರೂ ಗಲಾತ್ಯ 5:17 ಉಳಿಯುತ್ತಲ್ಲ. ಶರೀರಭಾವವೂ ಆತ್ಮನೂ ಒಂದಕ್ಕೊಂದು ಎದುರು ನಿಂತಿವೆ ಅಂತ ಪೌಲ ಬರೆದದ್ದು ಆತ್ಮನನ್ನು ಪಡೆದವರಿಗೇ.

ಲಷ್ಕರ್ ಮೊಹಲ್ಲಾ
ನನ್ನದೊಂದು ಪ್ರಶ್ನೆ, ಸ್ವಲ್ಪ ಆಚೀಚೆ ಹೋಗಬಹುದು. ಕೆಲವು ಸಭೆಗಳಲ್ಲಿ ಬಳೆ, ಓಲೆ, ಹೂವು, ಸಿನಿಮಾ, ದಸರಾ ಮೆರವಣಿಗೆ ನೋಡೋದು, ಎಲ್ಲಾ ಪಾಪ. ಇಷ್ಟನ್ನು ಬಿಟ್ಟವರು ಪಾಪ ಇಲ್ಲದವರು ಅನ್ನಿಸಿಕೊಳ್ತಾರೆ. ಇದು ಸರಿಯಾ? ನೆರೆಮನೆಯವರು ಚಾಮುಂಡಿ ಬೆಟ್ಟದ ಪ್ರಸಾದ ಕೊಟ್ಟರೆ ಏನು ಮಾಡಬೇಕು?

ಮಂಡ್ಯ ಸಿಎಸ್‌ಐ
ಅಕ್ಕ, ಪಟ್ಟಿ ಮಾಡಿದರೆ ಪಾಪ ಎಣಿಸಲು ಸುಲಭ, ಗೆಲ್ಲಲೂ ಸುಲಭ. ಓಲೆ ತೆಗೆದಿಟ್ಟರೆ ಒಂದು ನಿಮಿಷದಲ್ಲಿ ಮುಗೀತು. ಸೊಸೆಯ ಬಗ್ಗೆ ಆಡೋ ಮಾತು ಆ ಪಟ್ಟಿಯಲ್ಲಿ ಇರಲ್ಲ. ಮತ್ತಾಯ 23:23ರಲ್ಲಿ ಯೇಸು ಸಬ್ಬಸಿಗೆ, ಜೀರಿಗೆಯಲ್ಲಿ ದಶಮಾಂಶ ಕೊಟ್ಟು ನ್ಯಾಯ, ಕರುಣೆ, ನಂಬಿಗಸ್ತಿಕೆ ಬಿಟ್ಟವರನ್ನು ಬೈದದ್ದು ಇದಕ್ಕೇ.

ಗಂಜಾಂ ಅಧ್ಯಯನ
ಪ್ರಸಾದದ ವಿಷಯ 1 ಕೊರಿಂಥ 8ರಿಂದ 10ರವರೆಗೆ ಇದೆ. ಪೌಲ ಮೂರು ಸಂದರ್ಭ ಬಿಡಿಸ್ತಾನೆ. ಮಾರುಕಟ್ಟೆಯಲ್ಲಿ ಮಾರಿದ್ದನ್ನು ಕೆದಕದೆ ತಿನ್ನಿ (10:25). ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕದೆ ತಿನ್ನಿ (10:27). ಆದರೆ ಇದು ನೈವೇದ್ಯ ಮಾಡಿದ್ದು ಅಂತ ಒಬ್ಬರು ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗೋಸ್ಕರ ತಿನ್ನಬೇಡಿ (10:28). ದೇವಸ್ಥಾನದ ಪೂಜೆಯಲ್ಲೇ ಪಾಲುಗೊಳ್ಳೋದು ಬೇರೆ, ಅದು 10:20–21ರಲ್ಲಿ ನಿಷೇಧ. ಹಾಗಾಗಿ ನೆರೆಯವರು ಪ್ರಸಾದ ಅಂತ ಹೇಳಿ ಕೊಟ್ಟಾಗ ಕೈಮುಗಿದು, "ನಮ್ಮಲ್ಲಿ ತಗೊಳ್ಳಲ್ಲ ಅಮ್ಮ, ಬೇಜಾರು ಮಾಡ್ಕೋಬೇಡಿ" ಅಂದರೆ ಸಾಕು. ಎದುರಿಗೆ ಇಸ್ಕೊಂಡು ಹಿತ್ತಲಲ್ಲಿ ಎಸೆಯೋದು ಅವರಿಗೂ ಅವಮಾನ, ನಿಮಗೂ ಸುಳ್ಳು.

ಮೆರವಣಿಗೆಗೆ ರೋಮಾ 14 ಓದಿ. ರಸ್ತೆಯಲ್ಲಿ ನಿಂತು ಆನೆ, ಸ್ತಬ್ಧಚಿತ್ರ ನೋಡೋದು ಒಬ್ಬರಿಗೆ ಊರಿನ ಸಂಭ್ರಮ, ಇನ್ನೊಬ್ಬರಿಗೆ ಪೂಜೆಯಲ್ಲಿ ಪಾಲು. ಮನಸ್ಸು ಅಳುಕಿದರೂ ಹೋದವನಿಗೆ ಅದು ಪಾಪ (14:23), ಅಳುಕದವನಿಗೆ ಅಲ್ಲ. ಎಲ್ಲರಿಗೂ ಒಂದೇ ಪಟ್ಟಿ ಹಚ್ಚಲು ಆಗದೇ ಇರೋದಕ್ಕೆ ಇದೂ ಒಂದು ಕಾರಣ.

ತಿ. ನರಸೀಪುರ
ಮಂಗಳವಾರ ಮಧ್ಯಾಹ್ನದ ಪ್ರಶ್ನೆಗೆ ಯಾರೂ ಬಂದಿಲ್ಲ. ಪಾಪ ಒಮ್ಮೆಲೇ ಆಗಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ. ಯಾಕೋಬ 1:14–15 ಅದನ್ನು ಆಸೆ ಗರ್ಭ ಧರಿಸಿ ಪಾಪವನ್ನು ಹೆರೋದು ಅಂತ ಹೇಳುತ್ತೆ. 7ನೇ ಶತಮಾನದಲ್ಲಿ ಸೀನಾಯಿ ಬೆಟ್ಟದ ಮಠದ ಯೋಹಾನ ಕ್ಲೈಮಾಕಸ್ ಇನ್ನೂ ಬಿಡಿಸಿ ಬರೆದ: ಯೋಚನೆಯ ಬಡಿತ, ಅದರ ಜೊತೆ ಮಾತುಕತೆ, ಒಪ್ಪಿಗೆ, ಸೆರೆ, ಹೋರಾಟ, ಕೊನೆಗೆ ಬೇರೂರಿದ ಚಟ.

ಸಂತೇಪೇಟೆಯ ಅಂಗಡಿ ಅಂದ್ಕೊಳ್ಳಿ. ಗಿರಾಕಿ 200ರ ನೋಟು ಅಂದ್ಕೊಂಡು 500ರದ್ದು ಕೊಟ್ಟು ಚಿಲ್ಲರೆ ಇಸ್ಕೊಂಡು ಹೊರಟ. "300 ಉಳೀತು" ಅಂತ ತಲೇಲಿ ಬಂತು. ಇದು ಬಡಿತ, ಇದರಲ್ಲಿ ದೋಷ ಇಲ್ಲ ಅಂತ ಕ್ಲೈಮಾಕಸ್ ಸ್ಪಷ್ಟವಾಗಿ ಹೇಳ್ತಾನೆ. "ಅವನಿಗೇನು ಕಮ್ಮಿ, ಮೊನ್ನೆ ಸಾಲ ಹೇಳಿ ಹೋಗಿದ್ದ" ಅಂತ ಮನಸ್ಸು ನೆಪ ಕಟ್ಟೋದು ಮಾತುಕತೆ. ಬಹುಪಾಲು ಜನ ಸೋಲೋದು ಇಲ್ಲೇ. ಯೋಚನೆಯ ಜೊತೆ ವಾದಕ್ಕಿಳಿದರೆ ನೆಪ ಹುಡುಕೋದರಲ್ಲಿ ನಮಗಿಂತ ಅದೇ ಚುರುಕು. ಗಲ್ಲಾಪೆಟ್ಟಿಗೆ ಮುಚ್ಚಿದ್ದು ಒಪ್ಪಿಗೆ. ಮುಂದಿನ ಸಲ ತಾನಾಗಿಯೇ ಕೈ ಹೋದರೆ ಅದು ಚಟ.

ಅದಕ್ಕೆ ಮಾಡಬೇಕಾದ್ದು: ಬಡಿತ ಬಂದ ಕೂಡಲೇ ದೇಹ ಅಲ್ಲಾಡಬೇಕು. ಎದ್ದು ಗಿರಾಕಿಯನ್ನು ಕೂಗಿ. "ಕರ್ತನೇ, ಸಹಾಯ ಮಾಡು" ಅನ್ನೋ ಒಂದೇ ಸಾಲಿನ ಪ್ರಾರ್ಥನೆ ಸಾಕು. ಉದ್ದದ ಪ್ರಾರ್ಥನೆಗೆ ಕೂತರೆ ಗಿರಾಕಿ ಬೀದಿ ದಾಟಿರ್ತಾನೆ. ಫೋನಿನ ಶೋಧನೆ ಆದರೆ ಫೋನನ್ನು ಬೇರೆ ಕೋಣೆಯಲ್ಲಿ ಇಡಿ, ಕೈಯಲ್ಲಿ ಹಿಡ್ಕೊಂಡು ಪ್ರಾರ್ಥಿಸಬೇಡಿ. ಜಗಳದ ಶೋಧನೆ ಆದರೆ ಮೊದಲ ಉತ್ತರವನ್ನು ಟೈಪ್ ಮಾಡಿದರೂ ಕಳಿಸಬೇಡಿ.

ಪಾಲಹಳ್ಳಿ ಪೇಟೆ
ಇದರ ಜೊತೆಗೆ ಲೊಯೋಲದ ಇಗ್ನಾಸಿಯ ಕೊಟ್ಟ ಆತ್ಮಪರಿಶೀಲನೆ ಸೇರಿಸ್ತೀನಿ. 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿದ್ದು. ರಾತ್ರಿಯ ಸಾಮಾನ್ಯ ಪರಿಶೀಲನೆಗೆ ಐದು ಹೆಜ್ಜೆ: ದಿನದ ಒಳಿತಿಗೆ ಸ್ತೋತ್ರ, ಪಾಪವನ್ನು ಕಂಡುಕೊಳ್ಳಲು ಬೆಳಕಿಗಾಗಿ ಬೇಡಿಕೆ, ಎದ್ದಾಗಿನಿಂದ ಗಂಟೆ ಗಂಟೆಯಾಗಿ ಯೋಚನೆ, ಮಾತು, ಕೆಲಸ ಇದೇ ಕ್ರಮದಲ್ಲಿ ನೋಡುವುದು, ಕ್ಷಮೆ ಬೇಡುವುದು, ನಾಳೆಗೆ ತೀರ್ಮಾನ ಮಾಡಿ ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ). ಹತ್ತು ಹದಿನೈದು ನಿಮಿಷ ಸಾಕು.

ಇನ್ನೊಂದು ವಿಶೇಷ ಪರಿಶೀಲನೆ, ಒಂದೇ ಒಂದು ಪಾಪದ ಮೇಲೆ. ಬೆಳಿಗ್ಗೆ ಎದ್ದಾಗ ಇವತ್ತು ಇದನ್ನು ಮಾಡಲ್ಲ ಅಂತ ನಿಶ್ಚಯ. ಮಧ್ಯಾಹ್ನ ಊಟದ ನಂತರ ಎಷ್ಟು ಸಲ ಬಿದ್ದೆ ಅಂತ ಎಣಿಸಿ ಪುಸ್ತಕದಲ್ಲಿ ಆ ದಿನದ ಮೊದಲ ಗೆರೆಯ ಮೇಲೆ ಅಷ್ಟು ಚುಕ್ಕಿ. ರಾತ್ರಿ ಎರಡನೇ ಗೆರೆಯ ಮೇಲೆ. ವಾರಕ್ಕೆ ಏಳು ಜೋಡಿ ಗೆರೆ. ಬಿದ್ದ ಆ ಕ್ಷಣವೇ ಎದೆಗೆ ಕೈ ಇಟ್ಟು ದುಃಖಪಡಬೇಕು, ಇದನ್ನು ಜನರ ನಡುವೆ ಇದ್ದಾಗಲೂ ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದು. ಆಮೇಲೆ ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸುವುದು.

ಕೆಡೋದು ಎಲ್ಲಿ ಅಂದ್ರೆ, ಜನ ಒಟ್ಟಿಗೆ ನಾಲ್ಕೈದು ಪಾಪ ಹಿಡೀತಾರೆ, ಮೂರನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತೆ. ಎರಡನೇದು, "ಕೋಪ" ಅಂತ ದೊಡ್ಡದನ್ನು ಬರೀತಾರೆ, ಎಣಿಸಕ್ಕೆ ಬರಲ್ಲ. "ಮಕ್ಕಳಿಗೆ ಪಾಠ ಹೇಳುವಾಗ ಗದರೋದು" ಅಂತ ಬರೆದರೆ ಎಣಿಸಬಹುದು. ಮೂರನೇದು, ಚುಕ್ಕಿ ಶುರುವಿನಲ್ಲಿ ಜಾಸ್ತಿ ಆಗುತ್ತೆ, ಕಾಣದೇ ಇದ್ದದ್ದು ಈಗ ಕಾಣ್ತಿದೆ ಅಷ್ಟೇ. ಅದಕ್ಕೆ ಬಿಟ್ಟುಬಿಡಬೇಡಿ.

ಮದ್ದೂರು ರೈತ
ಎಲ್ಲಾ ಸರಿ, ಕ್ಷಮೆ ಕೇಳಾದು ಮಾತ್ರ ಹೇಳ್ತಿದ್ದೀರ, ವಾಪಸ್ ಕೊಡಾದು ಯಾರೂ ಹೇಳ್ನಿಲ್ವಲ್ಲ. ಯಾಜಕಕಾಂಡ 6:1–5 ಲೆಕ್ಕ ಕೊಟ್ಟದೆ, ಮೋಸದಿಂದ ತಗಂಡಿದ್ದನ್ನ ಪೂರ್ತಿ ಕೊಟ್ಟು, ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಬಲಿ ಆಮೇಲೆ. ಸುಂಕದ ಜಕ್ಕಾಯ ನಾಕರಷ್ಟು ಅಂದ, ಲೂಕ 19:8.

ಡೇರಿಗೆ ಹಾಕೋ ಹಾಲಿಗೆ ದಿನಾ ಅರ್ಧ ಲೀಟರ್ ನೀರು, ಲೀಟರಿಗೆ 30 ರೂಪಾಯಿ ಅಂತಲೇ ಹಿಡೀರಿ. ದಿನಕ್ಕೆ 15, ವರ್ಷಕ್ಕೆ 5,475. ಐದನೇ ಪಾಲು 1,095. ಒಟ್ಟು 6,570 ಸಂಘಕ್ಕೆ ಸಲ್ಲಬೇಕು. ಕಣ್ಣೀರು ಹಾಕಿ ಪ್ರಾರ್ಥನೆ ಮಾಡಿ ನಾಳೆ ನೀರು ನಿಲ್ಸಿದ್ರೆ ಅರ್ಧ ಮಾತ್ರ ಆಯ್ತು.

ಪಾಲಹಳ್ಳಿ ಪೇಟೆ
ನೂರಕ್ಕೆ ನೂರು. ಪಾಪನಿವೇದನೆಯಲ್ಲೂ (ಗುರುಗಳ ಮುಂದೆ ಪಾಪ ಹೇಳಿಕೊಳ್ಳೋದು) ಕದ್ದದ್ದನ್ನು ಹಿಂದಿರುಗಿಸುವ ಮನಸ್ಸು ಇಲ್ಲದಿದ್ದರೆ ಪಶ್ಚಾತ್ತಾಪ ಪೂರ್ಣ ಅಲ್ಲ. ಹೆಸರು ಬಯಲಾಗಬಾರದು ಅಂತಿದ್ದರೆ ಗುರುಗಳ ಮೂಲಕ ತಲುಪಿಸಬಹುದು, ಆ ದಾರಿ ಇದೆ.

ಎನ್.ಆರ್. ಮೊಹಲ್ಲಾ
ಸೈಟು ನೋಂದಣಿ ಬಗ್ಗೆ ಏನಂತೀರ? ನಿಜವಾದ ಬೆಲೆ ಒಂದು, ಪತ್ರದಲ್ಲಿ ಬರೆಯೋದು ಸರ್ಕಾರದ ಮಾರ್ಗಸೂಚಿ ದರ, ಉಳಿದದ್ದು ನಗದು. ಊರೆಲ್ಲ ಹೀಗೇ ಮಾಡುತ್ತೆ. ಇದು ಲೋಕದ ಪಾಪ, ನಮ್ಮದಲ್ಲ ಅಂತ ಬಹಳ ವಿಶ್ವಾಸಿಗಳ ವಾದ.

ಮಂಡ್ಯ ಸಿಎಸ್‌ಐ
ಇಲ್ಲ. ವೆಸ್ಲಿಯ ಅತಿ ಕಿರಿದಾದ ಅಳತೆ ಹಿಡಿದರೂ ಇದು ಪಾಪ. ಮುದ್ರಾಂಕ ಶುಲ್ಕ ಕಟ್ಟಬೇಕಾದ್ದು ಮಾರ್ಗಸೂಚಿ ದರ, ಕೊಟ್ಟ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಕಾನೂನು ಗೊತ್ತು, ರೋಮಾ 13:7 ತೆರಿಗೆ ಕೊಡಿ ಅನ್ನೋದೂ ಗೊತ್ತು, ಬೇಕಂತಲೇ ಸಹಿ ಹಾಕೋದು. ಇನ್ನೇನು ಬೇಕು?

ದಾರಿ ಇದೆ, ದುಬಾರಿ. ಮಾತುಕತೆಯ ಮೊದಲ ದಿನವೇ "ಪೂರ್ತಿ ಬ್ಯಾಂಕಿನ ಮೂಲಕ, ಪತ್ರದಲ್ಲಿ ಪೂರ್ತಿ ಬೆಲೆ" ಅಂತ ಹೇಳಿಬಿಡಬೇಕು. ಮುಂಗಡ ಕೊಟ್ಟ ಮೇಲೆ ಹೇಳಿದರೆ ಬಗ್ಗಲೇಬೇಕಾಗುತ್ತೆ. ಹೆಚ್ಚಾಗುವ ಮುದ್ರಾಂಕ ಶುಲ್ಕವನ್ನು ಮೊದಲೇ ಖರ್ಚಿನಲ್ಲಿ ಸೇರಿಸಿ ಲೆಕ್ಕ ಹಾಕಿ. ಒಪ್ಪದವರ ಸೈಟನ್ನು ಬಿಡಬೇಕು. ಕೊರಿಂಥದ ವಚನದ "ತಪ್ಪಿಸಿಕೊಳ್ಳೋ ದಾರಿ" ಅಗ್ಗವಾಗಿರುತ್ತೆ ಅಂತ ಎಲ್ಲೂ ಬರೆದಿಲ್ಲ.

ಕೆ.ಆರ್. ಪೇಟೆ ಯುವಕ
ಮಾರ್ಗಸೂಚಿ ದರ ನಮ್ ಕಡೆ ಮತ್ತೆ ಏರ್ಸವ್ರಾ?

ಎನ್.ಆರ್. ಮೊಹಲ್ಲಾ
ಅದಕ್ಕೆ ಬೇರೆ ಚರ್ಚೆ ತೆಗೀ ಮಗಾ, ಇಲ್ಲಿ ಬೇಡ.

ಜೆ.ಪಿ. ನಗರ ಆಪ್ತಸಲಹೆ
ಪರಿಶೀಲನೆ, ಚುಕ್ಕಿ, ಎಣಿಕೆ ಅಂತ ಬರೆದಿದ್ದೀರಿ, ಒಳ್ಳೇದು. ಆದರೆ ಕೆಲವರಿಗೆ ಇದು ಕೊಡಲೇಬಾರದು. ಕ್ಷಮೆ ಬೇಡಿದ ಪಾಪವನ್ನೇ ಮತ್ತೆ ಮತ್ತೆ ಅರಿಕೆ ಮಾಡುವವರು, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿತು ಅಂತ ಮೊದಲಿಂದ ಶುರು ಮಾಡುವವರು, ಪವಿತ್ರಾತ್ಮನ ದೂಷಣೆ (ಮತ್ತಾಯ 12:31) ಮಾಡಿಬಿಟ್ಟೆನೇನೋ ಅಂತ ನಿದ್ದೆಗೆಡುವವರು, ಅಯೋಗ್ಯ ಅಂತ ತಿಂಗಳುಗಟ್ಟಲೆ ಪ್ರಭುಭೋಜನ ತಗೊಳ್ಳದವರು. ಇದು ಭಕ್ತಿ ಹೆಚ್ಚಾದದ್ದಲ್ಲ, ಗೀಳು ಕಾಯಿಲೆಯ ಒಂದು ರೂಪ ಆಗಿರಬಹುದು. "ಪಾಪ ಮಾಡಿದರೆ ನಿನಗೆ ರಕ್ಷಣೆಯೇ ಇಲ್ಲ" ಅನ್ನೋ ಬೋಧನೆ ಇಂಥವರನ್ನು ಹಿಂಡಿ ಹಾಕುತ್ತೆ.

ಇವರಿಗೆ ನಿಯಮ ಬೇರೆ. ಒಬ್ಬರೇ ಗುರುಗಳನ್ನೋ ಪಾಸ್ಟರನ್ನೋ ಹಿಡಿದು ಅವರ ಮಾತಿನಂತೆ ನಡೆಯಬೇಕು, ನಾಲ್ಕು ಕಡೆ ಕೇಳಬಾರದು. ಒಮ್ಮೆ ಅರಿಕೆ ಮಾಡಿದ್ದನ್ನು ಮತ್ತೆ ಹೇಳಬಾರದು. ಪಾಪ ಆಯ್ತೋ ಇಲ್ಲವೋ ಅಂತ ಅನುಮಾನ ಇದ್ದರೆ ಆಗಿಲ್ಲ ಅಂತ ಹಿಡಿದು ಮುಂದೆ ಹೋಗಬೇಕು. ಮನೆಯವರು "ಇಲ್ಲ ಕಂದ, ನೀನು ಪಾಪ ಮಾಡಿಲ್ಲ" ಅಂತ ಇಪ್ಪತ್ತು ಸಲ ಸಮಾಧಾನ ಹೇಳಬಾರದು, ಅದು ಗೀಳನ್ನು ಸಾಕುತ್ತೆ. ಇದಕ್ಕೆ ಚಿಕಿತ್ಸೆ ಇದೆ. ಭಯವನ್ನು ಹಂತಹಂತವಾಗಿ ಎದುರಿಸುತ್ತಾ, ಮತ್ತೆ ಮತ್ತೆ ಮಾಡುವುದನ್ನು ತಡೆಯೋ ತರಬೇತಿ. ಜೊತೆಗೆ ಮಾತ್ರೆ, ಅದರ ಫಲ ಸರಿಯಾಗಿ ಗೊತ್ತಾಗಲು 8ರಿಂದ 12 ವಾರ ಬೇಕು, ನಡುವೆ ನಿಲ್ಲಿಸಬಾರದು. ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಪ್ರಾರ್ಥನೆ ನಿಲ್ಲಿಸಿ ಅಂತ ಯಾರೂ ಹೇಳ್ತಿಲ್ಲ.

ಹೆಬ್ಬಾಳ ಬ್ರದರ್
ಸಿಸ್ಟರ್, ಇದನ್ನು ನಮ್ಮ ಸಭೆಗಳಲ್ಲಿ ಓದಿ ಹೇಳಬೇಕು, ಖಂಡಿತ. ಆದರೂ ನನ್ನ ಮುಖ್ಯ ಮಾತು ಬಿಡಲ್ಲ. ಬಿದ್ದರೆ ಏಳಲು ವಚನ ಇದೆ, ಬೀಳಲೇಬೇಕು ಅನ್ನೋ ವಚನ ಎಲ್ಲಿದೆ? ಗಲಾತ್ಯ 5:16 ಆತ್ಮನಿಂದ ನಡೆದರೆ ಶರೀರದ ಆಸೆಯನ್ನು ಪೂರೈಸುವುದೇ ಇಲ್ಲ ಅನ್ನುತ್ತೆ. ಸೋಲನ್ನು ಮೊದಲೇ ಬರೆದಿಟ್ಟುಕೊಂಡು ಯುದ್ಧಕ್ಕೆ ಹೋಗುವವನು ಹೇಗೆ ಗೆಲ್ತಾನೆ?

ಗಂಜಾಂ ಅಧ್ಯಯನ
ಈ ಮಾತಿಗೆ ನನ್ನ ಆಕ್ಷೇಪ ಇಲ್ಲ. ಮುಂದಿನ ಶೋಧನೆಯಲ್ಲಿ ಬೀಳಲೇಬೇಕು ಅಂತ ಯಾವ ವಚನವೂ ಇಲ್ಲ. ಆದರೆ ಮತ್ತಾಯ 6:11ರಲ್ಲಿ ದಿನದ ರೊಟ್ಟಿ, 6:12ರಲ್ಲಿ ಕ್ಷಮೆ, 6:13ರಲ್ಲಿ ಶೋಧನೆಯಿಂದ ಕಾಪಾಡು. ಯೇಸು ಶಿಷ್ಯರಿಗೇ ಕಲಿಸಿದ್ದು ಇದು. 418ರ ಕಾರ್ಥೇಜ್ ಸಭೆಯಲ್ಲಿ ಇದೇ ಪ್ರಶ್ನೆ ಬಂತು. ಪರಿಶುದ್ಧರು "ನಮ್ಮನ್ನು ಕ್ಷಮಿಸು" ಅನ್ನೋದು ಬೇರೆಯವರಿಗಾಗಿ, ಅಥವಾ ಬರೀ ವಿನಯಕ್ಕೆ, ಅಂತ ಪೆಲಾಗಿಯಸ್‌ನ ಕಡೆಯವರು ವಾದಿಸಿದರು. ಸಭೆ ಅದನ್ನು ತಳ್ಳಿಹಾಕಿತು, ಪರಿಶುದ್ಧರು ತಮಗಾಗಿಯೇ, ನಿಜವಾಗಿಯೇ ಹಾಗೆ ಬೇಡುತ್ತಾರೆ ಅಂತ. 12ನೇ ವಚನ ಬಿಟ್ಟು 13ನ್ನು ಮಾತ್ರ ಪ್ರಾರ್ಥಿಸೋ ವಿಶ್ವಾಸಿ ಇಲ್ಲ, 13ನ್ನು ಬಿಟ್ಟು 12ನ್ನು ಮಾತ್ರ ಪ್ರಾರ್ಥಿಸುವವನೂ ತಪ್ಪೇ.

ಹೆಬ್ಬಾಳ ಬ್ರದರ್
ಆ ಕೊನೆಯ ಅರ್ಧವನ್ನು ನಿಮ್ಮ ಕಡೆಯ ಸಭೆಗಳಲ್ಲೂ ಅಷ್ಟೇ ಜೋರಾಗಿ ಹೇಳಿ, ಆಗ ಒಪ್ಪುತ್ತೇನೆ.

ಸರಸ್ವತಿಪುರಂ ಓದುಗ
ಎಲ್ಲರಿಗೂ ವಂದನೆ. ಒಂದು ಉಳಿದಿದೆ. ಮದ್ದೂರಿನ ಅಣ್ಣ ಹೇಳಿದ ಐದನೇ ಪಾಲಿನ ಲೆಕ್ಕದಲ್ಲಿ, ಹಣ ವಾಪಸ್ ಕೊಡಬೇಕಾದವರು ತೀರಿಕೊಂಡಿದ್ದರೆ? ಚೀಟಿ ವ್ಯವಹಾರದಲ್ಲಿ ಇಂಥದ್ದು ಬರುತ್ತೆ.

ಮದ್ದೂರು ರೈತ
ಅದಕ್ಕೂ ಅರಣ್ಯಕಾಂಡ 5:7–8 ಅದೆ. ಮೊದಲು ಪಾಪ ಅರಿಕೆ, ಆಮೇಲೆ ಅಸಲು, ಮೇಲೆ ಐದನೇ ಪಾಲು. ಅವರಿಲ್ಲ ಅಂದ್ರೆ ಅವರ ಹತ್ತಿರದ ನೆಂಟರಿಗೆ. ನೆಂಟರೂ ಇಲ್ಲ ಅಂದ್ರೆ ದೇವರಿಗೆ, ಯಾಜಕನ ಕೈಗೆ. ಈಗ ಮಾಡೋರು ಸಾಮಾನ್ಯವಾಗಿ ಹೆಂಡ್ತಿ ಮಕ್ಕಳ ಕೈಗೆ ಕೊಡ್ತರೆ, ಯಾರೂ ಸಿಗದೇ ಇದ್ರೆ ಊರಿನ ಬಡವರಿಗೆ. ಚೀಟಿ ಪುಸ್ತಕ ಇಟ್ಕಂಡಿದ್ರೆ ಎಷ್ಟು ಕಂತು, ಎಷ್ಟು ಕಸಿದದ್ದು ಅನ್ನಾದು ಅದರಲ್ಲೇ ಸಿಗ್ತದೆ. ಪುಸ್ತಕ ಇಲ್ಲಾಂದ್ರೆ ಜೊತೆಯಲ್ಲಿ ಚೀಟಿ ಹಾಕಿದ್ದವರನ್ನ ಇಬ್ಬರನ್ನ ಕೂರಿಸ್ಕಂಡು ಲೆಕ್ಕ ಬರೀರಿ, ಒಬ್ಬರೇ ಅಂದಾಜು ಹಾಕಬೇಡಿ, ಕಮ್ಮಿನೇ ಹಾಕಂಬುಡ್ತೀರ.